ಹಾಡುತ್ತಾ ಹಾಡುತ್ತಾ ರಾಗ: ಶ್ರೇಯಾ ಘೋಷಾಲ್ ಅವರಿಂದ ನಾವು ಕಲಿಯುವ ಪಾಠ



ಭಾರತದಲ್ಲಿ ರಾತ್ರಿ ಒಂಬತ್ತು ಗಂಟೆಯಾದಾಗ ನಮ್ಮ ನೈರೋಬಿಯಲ್ಲಿ ಸಂಜೆ ಆರೂವರೆ. ವಾರದ ಕೊನೆಯಲ್ಲಿ ಆ ಹೊತ್ತಿಗೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಟಿ.ವಿ. ಮುಂದೆ ಎಲ್ಲರೂ ಸೇರಿರುತ್ತಾರೆ. ಗಾಯನ ಸ್ಪರ್ಧೆ ಶುರುವಾಗಿರುತ್ತದೆ. ಊರಿನಿಂದ ಬಂದ ಅಜ್ಜಿ ಹಾಡಿಗೆ ತಲೆದೂಗುತ್ತಿರುತ್ತಾರೆ, ಅಪ್ಪ ತೀರ್ಪುಗಾರರಿಗಿಂತ ಮೊದಲೇ ಅಂಕ ಕೊಟ್ಟುಬಿಟ್ಟಿರುತ್ತಾರೆ, ಮಕ್ಕಳು ಬಾಚಣಿಗೆಯನ್ನೇ ಮೈಕ್ ಮಾಡಿಕೊಂಡಿರುತ್ತಾರೆ. ಸೋಮವಾರ ತರಗತಿಗೆ ಬಂದ ಕೂಡಲೇ ನಮಗೆ ಒಂದು ಪ್ರಶ್ನೆ ಕಾದಿರುತ್ತದೆ: "ಮಿಸ್, ನಾನೂ ಟಿ.ವಿ.ಯಲ್ಲಿ ಹಾಡಿ ಗೆಲ್ಲಬೇಕು. ಏನು ಮಾಡಬೇಕು?"

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ಸ್ಪ್ರಿಂಗ್ ವ್ಯಾಲಿಯ ನಮ್ಮ ಶಾಲೆಯ ಸಭಾಂಗಣದಲ್ಲಿ ಗಾಯನ ಸ್ಪರ್ಧೆ ನಡೆಯಿತು. ಟಿ.ವಿ.ಯಲ್ಲಿ ಮಾಡುವ ಹಾಗೆಯೇ ನಾವೂ ವೇದಿಕೆಗೆ ದೀಪ ಹಾಕಿಸಿ, ಕೊನೆಯವರೆಗೂ ಕುತೂಹಲ ಉಳಿಸಿಕೊಂಡು ಮೂರು ಹೆಸರುಗಳನ್ನು ಕೂಗಿ ಹೇಳಿದೆವು. ಚಪ್ಪಾಳೆ ಬಿತ್ತು. ಆರನೇ ತರಗತಿಯ ಒಬ್ಬ ಹುಡುಗಿಯ ಹೆಸರು ಆ ಮೂರರಲ್ಲಿ ಇರಲಿಲ್ಲ. ಮರುದಿನದಿಂದ ಅವಳು ಬೆಳಗಿನ ಪ್ರಾರ್ಥನಾ ಗುಂಪಿಗೆ ಬರುವುದನ್ನೇ ಬಿಟ್ಟಳು. ಅವಳ ತಾಯಿ ಬಂದು, "ಎಲ್ಲಿ ತಪ್ಪಿದಳು ಹೇಳಿ, ತಿದ್ದಿಕೊಳ್ಳುತ್ತಾಳೆ" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅಂಕದ ಹಾಳೆಯಲ್ಲಿ ಬರೀ ಒಂದು ಸಂಖ್ಯೆ ಇತ್ತು.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಯೋಚನೆ ಉಳಿಯಿತು. ಸ್ಪರ್ಧೆಯಲ್ಲಿ ಗೆದ್ದವರನ್ನು ದೊಡ್ಡ ಗಾಯಕರನ್ನಾಗಿ ಮಾಡಿದ್ದು ಆ ಗೆಲುವೇ? ಅದಕ್ಕೆ ಉತ್ತರ ಹುಡುಕಲು ನಾವೆಲ್ಲ ಬಲ್ಲ ಒಬ್ಬ ಗಾಯಕಿಯ ಬದುಕನ್ನು ನೋಡೋಣ. ಅವರೇ ಶ್ರೇಯಾ ಘೋಷಾಲ್.

ಗೆಲುವಿಗೆ ಮೊದಲು

ಶ್ರೇಯಾ ಹುಟ್ಟಿದ್ದು 1984ರ ಮಾರ್ಚ್ 12ರಂದು, ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಜಿಲ್ಲೆಯಲ್ಲಿ. ಆದರೆ ಬೆಳೆದದ್ದು ಬಂಗಾಳದಿಂದ ಬಹು ದೂರದಲ್ಲಿ, ರಾಜಸ್ಥಾನದ ಕೋಟಾ ನಗರಕ್ಕೆ ಸಮೀಪದ ರಾವತ್‌ಭಾಟಾ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಅಣು ವಿದ್ಯುತ್ ಸ್ಥಾವರವಿದೆ. ತಂದೆ ಎಂಜಿನಿಯರ್. ಮನೆಯಲ್ಲಿ ಬಂಗಾಳಿ, ಹೊರಗೆ ಹಿಂದಿ. ನೈರೋಬಿಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ಇಂಗ್ಲಿಷ್ ಮತ್ತು ಸ್ವಾಹಿಲಿ ಆಡುವ ನಮ್ಮ ಮಕ್ಕಳಿಗೆ ಇದು ಹೊಸ ಮಾತಲ್ಲ.

ಮೊದಲ ಗುರು ತಾಯಿ. ನಾಲ್ಕನೇ ವಯಸ್ಸಿನಲ್ಲೇ ತಾಯಿಯ ಬಳಿ ಸಂಗೀತ ಪಾಠ ಆರಂಭವಾಯಿತು. ಆರರ ಸುಮಾರಿಗೆ ಶಾಸ್ತ್ರೋಕ್ತವಾಗಿ ಹಿಂದೂಸ್ತಾನಿ ಸಂಗೀತದ ಕಲಿಕೆ. ಆಗ ಯಾವ ಕ್ಯಾಮೆರಾವೂ ಇರಲಿಲ್ಲ, ಯಾವ ಚಪ್ಪಾಳೆಯೂ ಇರಲಿಲ್ಲ. ಶಾಲೆ, ಪಾಠ, ಸಂಜೆ ಅಭ್ಯಾಸ, ಅಷ್ಟೇ. ನಾವು ಟಿ.ವಿ.ಯಲ್ಲಿ ನೋಡುವ ಕೆಲವು ನಿಮಿಷಗಳ ಹಾಡಿನ ಹಿಂದೆ ಇಂಥ ಎಷ್ಟೋ ವರ್ಷಗಳಿರುತ್ತವೆ.

ಗೆದ್ದ ವೇದಿಕೆ

1995ರಲ್ಲಿ ಜೀ ಟಿ.ವಿ.ಯಲ್ಲಿ 'ಸ ರೆ ಗ ಮ' ಎಂಬ ಗಾಯನ ಸ್ಪರ್ಧೆ ಆರಂಭವಾಯಿತು. ಆಗ ಅದರ ನಿರೂಪಕರು ಗಾಯಕ ಸೋನು ನಿಗಮ್. ಇದರ ಮಕ್ಕಳ ವಿಶೇಷ ಸಂಚಿಕೆಯಲ್ಲಿ ಶ್ರೇಯಾ ಗೆದ್ದರು. ಅಂದು ತೀರ್ಪುಗಾರರಾಗಿದ್ದವರು ಕಲ್ಯಾಣ್‌ಜಿ-ಆನಂದ್‌ಜಿ ಜೋಡಿಯ ಹಿರಿಯ ಸಂಗೀತ ನಿರ್ದೇಶಕ ಕಲ್ಯಾಣ್‌ಜಿ. ಅವರು ಬಹುಮಾನ ಕೊಟ್ಟು ಸುಮ್ಮನಾಗಲಿಲ್ಲ. ಮಗುವನ್ನು ಮುಂಬಯಿಗೆ ಕರೆತರುವಂತೆ ತಂದೆತಾಯಿಗೆ ಹೇಳಿದರು. 1997ರಲ್ಲಿ ತಂದೆಗೆ ಮುಂಬಯಿಗೆ ವರ್ಗವಾಗಿ ಕುಟುಂಬ ಅಲ್ಲಿಗೆ ಬಂದಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ಪರ್ಧೆಯಲ್ಲಿ ಗೆದ್ದ ಬಾಲಕಿ ಮುಂಬಯಿಗೆ ಬಂದು ಮಾಡಿದ ಮೊದಲ ಕೆಲಸ ಸಿನಿಮಾದಲ್ಲಿ ಹಾಡಿದ್ದಲ್ಲ, ಮತ್ತೆ ಪಾಠಕ್ಕೆ ಕುಳಿತದ್ದು. ಸುಮಾರು ಒಂದೂವರೆ ವರ್ಷ ಕಲ್ಯಾಣ್‌ಜಿಯವರ ಬಳಿ ಕಲಿತರು. ಶಾಸ್ತ್ರೀಯ ಸಂಗೀತದ ಅಭ್ಯಾಸವನ್ನೂ ಮುಂದುವರಿಸಿದರು.

ಹದಿನಾರರ ಸುಮಾರಿನಲ್ಲಿ ಅವರು ಅದೇ ಕಾರ್ಯಕ್ರಮದಲ್ಲಿ ಹಾಡುತ್ತಿದ್ದುದನ್ನು ಮನೆಯಲ್ಲಿ ಕುಳಿತ ಒಬ್ಬ ತಾಯಿ ನೋಡಿದರು. ಅವರು ಮಗನನ್ನು ಕರೆದು, ಈ ಹುಡುಗಿಯ ಹಾಡು ಕೇಳು ಎಂದರು. ಆ ಮಗ ಚಿತ್ರ ನಿರ್ದೇಶಕ ಸಂಜಯ್ ಲೀಲಾ ಭನ್ಸಾಲಿ. ಅವರ ಹೆಸರಿನ ನಡುವೆ ಇರುವ 'ಲೀಲಾ' ಆ ತಾಯಿಯದೇ ಹೆಸರು. ಹೀಗೆ 'ದೇವದಾಸ್' ಚಿತ್ರಕ್ಕೆ ಶ್ರೇಯಾ ಆಯ್ಕೆಯಾದರು. ಸಂಗೀತ ಇಸ್ಮಾಯಿಲ್ ದರ್ಬಾರ್ ಅವರದು. ನಾಯಕಿ ಐಶ್ವರ್ಯಾ ರೈ ಅವರ ಪಾತ್ರಕ್ಕೆ ಈ ಹೊಸ ಹುಡುಗಿಯ ದನಿ.

ಧ್ವನಿಮುದ್ರಣ ನಡೆದಾಗ ಶ್ರೇಯಾ ಅವರಿಗೆ ಹನ್ನೆರಡನೇ ತರಗತಿಯ ಪರೀಕ್ಷೆ ಹತ್ತಿರವಿತ್ತು. ಸ್ಟುಡಿಯೋಗೆ ಪಠ್ಯಪುಸ್ತಕ ಒಯ್ದು ಬಿಡುವಿನಲ್ಲಿ ಓದುತ್ತಿದ್ದರು. ರಿಹರ್ಸಲ್ ಎಂದುಕೊಂಡು ಕಣ್ಣು ಮುಚ್ಚಿ ಹಾಡಿದ ಹಾಡನ್ನೇ ಅಲ್ಲಿದ್ದವರು ಮುದ್ರಿಸಿಕೊಂಡ ಪ್ರಸಂಗವನ್ನು ಅವರೇ ನೆನಪಿಸಿಕೊಂಡಿದ್ದಾರೆ. 'ದೇವದಾಸ್' 2002ರಲ್ಲಿ ತೆರೆಗೆ ಬಂದಿತು. ಅದರ 'ಬೈರಿ ಪಿಯಾ' ಹಾಡಿಗೆ ರಾಷ್ಟ್ರ ಪ್ರಶಸ್ತಿ ಬಂದಿತು. ಓದು ಬಿಟ್ಟರೆ ಮಾತ್ರ ಹಾಡು ಬರುತ್ತದೆ ಎನ್ನುವವರಿಗೂ, ಹಾಡಿದರೆ ಓದು ಕೆಡುತ್ತದೆ ಎನ್ನುವವರಿಗೂ ಸ್ಟುಡಿಯೋದಲ್ಲಿ ಪುಸ್ತಕ ಹಿಡಿದು ಕುಳಿತ ಆ ಹುಡುಗಿಯೇ ಉತ್ತರ.

ಗೆಲುವಿನ ನಂತರ

ಒಂದು ಚಿತ್ರದಿಂದ ಹೆಸರು ಬರಬಹುದು. ಆ ಹೆಸರು ಇಪ್ಪತ್ತು ವರ್ಷ ಉಳಿಯುವುದು ಸುಲಭವಲ್ಲ. ಶ್ರೇಯಾ ಅವರಿಗೆ ಐದು ಬಾರಿ ರಾಷ್ಟ್ರ ಪ್ರಶಸ್ತಿ ಬಂದಿದೆ. 'ದೇವದಾಸ್' ನಂತರ 'ಪಹೇಲಿ' (2005), 'ಜಬ್ ವಿ ಮೆಟ್' (2007) ಹಿಂದಿ ಚಿತ್ರಗಳು. 2008ನೇ ಸಾಲಿನಲ್ಲಿ ಬಂಗಾಳಿಯ 'ಅಂತಹೀನ್' ಮತ್ತು ಮರಾಠಿಯ 'ಜೋಗವಾ' ಎರಡೂ ಸೇರಿ ಒಂದು ಪ್ರಶಸ್ತಿ. 2021ನೇ ಸಾಲಿನಲ್ಲಿ ತಮಿಳಿನ 'ಇರವಿನ್ ನಿಳಲ್'. ಮಲಯಾಳಂ ಹಾಡುಗಳಿಗಾಗಿ ಕೇರಳ ರಾಜ್ಯ ಪ್ರಶಸ್ತಿ ನಾಲ್ಕು ಬಾರಿ ಬಂದಿದೆ. ಈ ಪಟ್ಟಿಯಲ್ಲಿ ಎಷ್ಟು ಭಾಷೆಗಳಿವೆ ನೋಡಿ. ಮನೆಯ ಭಾಷೆಯೊಂದನ್ನೇ ನಂಬಿ ಅವರು ಕುಳಿತಿರಲಿಲ್ಲ.

ಸ್ಪರ್ಧಿಯಾಗಿ ನಿಂತವರು ಮುಂದೆ ತೀರ್ಪುಗಾರರ ಕುರ್ಚಿಯಲ್ಲೂ ಕುಳಿತರು. 2013ರ 'ಇಂಡಿಯನ್ ಐಡಲ್ ಜೂನಿಯರ್' ಮಕ್ಕಳ ಸ್ಪರ್ಧೆಗೆ ಅವರು ತೀರ್ಪುಗಾರರಾಗಿದ್ದರು.

ಕನ್ನಡಕ್ಕೆ ಬಂದ ದನಿ

2006ರ ಕೊನೆಯಲ್ಲಿ ಯೋಗರಾಜ್ ಭಟ್ಟರ 'ಮುಂಗಾರು ಮಳೆ' ಬಿಡುಗಡೆಯಾಯಿತು. ಮನೋ ಮೂರ್ತಿಯವರ ಸಂಗೀತದ ಆ ಹಾಡುಗಳು ಕನ್ನಡಿಗರಿರುವ ಎಲ್ಲ ಕಡೆಗೂ ಹೋದವು, ನೈರೋಬಿಗೂ ಬಂದವು. ಆ ಚಿತ್ರದಲ್ಲಿ ಶ್ರೇಯಾ ಹಾಡಿದ್ದಾರೆ, ಸೋನು ನಿಗಮ್ ಕೂಡ ಹಾಡಿದ್ದಾರೆ. ಅಂದರೆ ಒಂದು ಕಾಲದಲ್ಲಿ ಹಿಂದಿ ಕಾರ್ಯಕ್ರಮದಲ್ಲಿ ನಿರೂಪಕ ಮತ್ತು ಸ್ಪರ್ಧಿಯಾಗಿ ಎದುರುಬದುರು ನಿಂತಿದ್ದವರು ಒಂದೇ ಕನ್ನಡ ಚಿತ್ರದ ಗಾಯಕರಾದರು!

ಭಾಷಾ ಶಿಕ್ಷಕರಾದ ನಮಗೆ ಇಲ್ಲಿ ಒಂದು ಕುತೂಹಲ. ಕನ್ನಡ ಬಾರದವರು ಕನ್ನಡದಲ್ಲಿ ಹಾಡುವುದು ಹೇಗೆ? ಶ್ರೇಯಾ ಅವರ ರೀತಿ ಇದು: ಬೇರೆ ಭಾಷೆಯ ಹಾಡಾದರೆ ಸಾಹಿತ್ಯವನ್ನು ಕೇಳಿ, ತಮಗೆ ಚೆನ್ನಾಗಿ ಓದಲು ಬರುವ ದೇವನಾಗರಿ ಲಿಪಿಯಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಇದು ಸುಲಭದ ಕೆಲಸವಲ್ಲ. ಬಂಗಾಳಿಯಲ್ಲೂ ಹಿಂದಿಯಲ್ಲೂ 'ಳ' ಬಳಕೆಯಲ್ಲಿಲ್ಲ. ನಮ್ಮ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ವ್ಯತ್ಯಾಸವನ್ನು ಹಿಂದಿ ಬರವಣಿಗೆ ತೋರಿಸುವುದಿಲ್ಲ. ಆದರೆ ಕನ್ನಡದಲ್ಲಿ ಇವು ತಪ್ಪಿದರೆ ಅರ್ಥವೇ ಕೆಡುತ್ತದೆ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ "ನಮ್ಮ ಅಜ್ಜ ಹಲ್ಲಿಯಲ್ಲಿ ಇದ್ದಾರೆ" ಎಂದು ಓದಿದಾಗ ಎಲ್ಲರೂ ನಕ್ಕದ್ದು ನೆನಪಿರಬೇಕು! ಹಳ್ಳಿ ಬೇರೆ, ಹಲ್ಲಿ ಬೇರೆ. ಬೆಳೆ ಬೇರೆ, ಬೇಳೆ ಬೇರೆ.

ಕನ್ನಡ ಓದಲು ಬಾರದ ಗಾಯಕಿಯೊಬ್ಬರು ನಮ್ಮ ಪದಗಳಿಗೆ ಇಷ್ಟು ಶ್ರಮ ಪಡುತ್ತಾರೆ. ನಮ್ಮ ಮಕ್ಕಳು ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬರುತ್ತಾರೆ. ಇದನ್ನು ಬೈಯಲು ಹೇಳುತ್ತಿಲ್ಲ. ಒಂದು ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. 'ಲ' ಎಲ್ಲಿ, 'ಳ' ಎಲ್ಲಿ ಎಂದು ನಾಲಿಗೆಗೆ ತಾನಾಗಿಯೇ ತಿಳಿಯುತ್ತದೆ.

ಹೊರಬಿದ್ದವರ ಕಥೆ

ಗೆದ್ದವರ ಕಥೆ ಕೇಳಿದಿರಿ. ಈಗ ಗೆಲ್ಲದ ಒಬ್ಬರ ಕಥೆ. ಶ್ರೇಯಾ ಹುಟ್ಟಿದ ಮುರ್ಶಿದಾಬಾದ್ ಜಿಲ್ಲೆಯವರೇ ಆದ ಅರಿಜಿತ್ ಸಿಂಗ್ 2005ರಲ್ಲಿ 'ಫೇಮ್ ಗುರುಕುಲ್' ಎಂಬ ಟಿ.ವಿ. ಸ್ಪರ್ಧೆಗೆ ಬಂದರು. ಸ್ಪರ್ಧಿಗಳನ್ನು ಒಂದೇ ಮನೆಯಲ್ಲಿ ಇರಿಸಿ, ತರಬೇತಿ ಕೊಟ್ಟು, ವಾರವಾರ ಹಾಡಿಸಿ, ವೀಕ್ಷಕರ ಮತದಿಂದ ಉಳಿಸುವ ಅಥವಾ ಕಳಿಸುವ ಕಾರ್ಯಕ್ರಮ ಅದು. ಅಂತಿಮ ಸುತ್ತಿಗೆ ಮೊದಲೇ ಅರಿಜಿತ್ ಹೊರಬಿದ್ದರು. ಅವರು ಊರಿಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಮುಂಬಯಿಯಲ್ಲಿ ಸಂಗೀತ ನಿರ್ದೇಶಕರಿಗೆ ಸಹಾಯಕರಾಗಿ, ತೆರೆಯ ಹಿಂದೆ ಕೆಲಸ ಕಲಿತರು. 2013ರ 'ಆಶಿಕಿ 2' ಚಿತ್ರದ ಹಾಡಿನಿಂದ ಅವರ ದನಿ ಮನೆಮನೆಗೆ ತಲುಪಿತು. ನಡುವೆ ಎಂಟು ವರ್ಷ! 2025ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಬಂದಿತು. 2005ರಲ್ಲಿ ಅವರಿಗೆ ಸಾಲದೆ ಹೋದ ಮತಗಳು ಆ ವಾರದ ವೀಕ್ಷಕರ ಇಷ್ಟವನ್ನು ಅಳೆದವೇ ಹೊರತು ಅವರ ಯೋಗ್ಯತೆಯನ್ನಲ್ಲ.

ನಾವಿರುವ ಕೀನ್ಯಾದಲ್ಲೂ ಇದೇ ಮಾದರಿಯ 'ಪ್ರಾಜೆಕ್ಟ್ ಫೇಮ್' ಎಂಬ ಸ್ಪರ್ಧೆ ನಡೆದದ್ದು ಹಿರಿಯರಿಗೆ ನೆನಪಿರಬಹುದು. 2006ರ ಮೊದಲ ಸರಣಿಯಲ್ಲಿ ಗೆದ್ದವರು ಕೀನ್ಯಾದ ವ್ಯಾಲರಿ ಕಿಮಾನಿ. ಮುಂದೆ ಉಗಾಂಡ, ರುವಾಂಡ, ಬುರುಂಡಿಯವರೂ ಗೆದ್ದರು. 2012ರಲ್ಲಿ ಪ್ರಶಸ್ತಿ ಮತ್ತೆ ಕೀನ್ಯಾಕ್ಕೆ, ರೂತ್ ಮಟೆಟೆ ಅವರಿಗೆ ಬಂದಿತು. ಊರು ಯಾವುದಾದರೂ ವೇದಿಕೆಯ ನಿಯಮ ಒಂದೇ: ಬಹುಮಾನ ಒಬ್ಬರಿಗೆ, ಹಾಡು ಎಲ್ಲರಿಗೆ.

ನಾವು ಇಲ್ಲಿ ಏನು ಮಾಡಬಹುದು?

ಈಟಿವಿ ಕನ್ನಡ ವಾಹಿನಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮವನ್ನು ಅನೇಕ ಪೋಷಕರು ನೋಡಿದ್ದೀರಿ. ತೆಲುಗು ಮನೆಮಾತಿನ ಅವರು ಕನ್ನಡದ ಮಕ್ಕಳ ಉಚ್ಚಾರಣೆಯನ್ನು ಪ್ರೀತಿಯಿಂದ ತಿದ್ದುತ್ತಿದ್ದರು. ಎಲ್ಲಿ ಚೆನ್ನಾಗಿತ್ತು, ಎಲ್ಲಿ ಜಾರಿತು ಎಂದು ತಾವೇ ಹಾಡಿ ತೋರಿಸುತ್ತಿದ್ದರು. ಅವರೂ 1964ರಲ್ಲಿ ಮದರಾಸಿನ ಒಂದು ಗಾಯನ ಸ್ಪರ್ಧೆಯಲ್ಲಿ ಗೆದ್ದು ಬೆಳಕಿಗೆ ಬಂದವರು. 2020ರಲ್ಲಿ ಅವರು ನಮ್ಮನ್ನು ಅಗಲಿದರು. ಸೋತ ಮಗುವೂ ಏನಾದರೂ ಕಲಿತು ಮನೆಗೆ ಹೋಗಬೇಕು ಎಂಬ ಅವರ ರೀತಿ ಮಾತ್ರ ನಮ್ಮಂಥ ಶಿಕ್ಷಕರಿಗೆ ಪಾಠವಾಗಿ ಉಳಿದಿದೆ.

ಆದ್ದರಿಂದ ಈ ವರ್ಷದ ಸ್ಪರ್ಧೆಯಲ್ಲಿ ನಾವು ಒಂದು ಬದಲಾವಣೆ ಮಾಡಿದೆವು. ಹಾಡಿದ ಪ್ರತಿಯೊಬ್ಬ ಮಗುವಿಗೂ ಒಂದು ಚೀಟಿ ಕೊಟ್ಟೆವು. ಅದರಲ್ಲಿ ಶ್ರುತಿ, ತಾಳ, ಉಚ್ಚಾರಣೆ ಎಂಬ ಮೂರು ಸಾಲು. ಪ್ರತಿ ಸಾಲಿನಲ್ಲಿ ಚೆನ್ನಾಗಿದ್ದದ್ದು ಒಂದು, ತಿದ್ದಿಕೊಳ್ಳಬೇಕಾದದ್ದು ಒಂದು.

ಪೋಷಕರಲ್ಲಿ ನಮ್ಮ ಮೂರು ಕೋರಿಕೆಗಳು:

1. ಸ್ಪರ್ಧೆ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುವಾಗ "ಎಷ್ಟನೇ ಸ್ಥಾನ?" ಎಂದು ಮೊದಲು ಕೇಳಬೇಡಿ. "ಹಾಡುವಾಗ ಖುಷಿಯಾಯಿತಾ?" ಎಂದು ಕೇಳಿ.

2. ದಿನಕ್ಕೆ ಇಪ್ಪತ್ತು ನಿಮಿಷವಾದರೂ ಮನೆಯಲ್ಲಿ ಹಾಡಲು ಬಿಡಿ. ಪರೀಕ್ಷೆಯ ವಾರದಲ್ಲೂ ಇಪ್ಪತ್ತು ನಿಮಿಷ ಹೆಚ್ಚಲ್ಲ.

3. ಗಂಡುಮಕ್ಕಳಿಗೆ ಹನ್ನೆರಡರಿಂದ ಹದಿನೈದರ ನಡುವೆ ದನಿ ಒಡೆಯುತ್ತದೆ. ಆಗ ಎತ್ತರದ ಶ್ರುತಿಯಲ್ಲಿ ಹಾಡುವಂತೆ ಒತ್ತಾಯಿಸಬೇಡಿ, ನಗಬೇಡಿ. ಅದು ಸಹಜ. ಆ ಕಾಲ ಕಳೆಯುತ್ತದೆ.

ಮಕ್ಕಳೇ, "ಟಿ.ವಿ.ಯಲ್ಲಿ ಗೆಲ್ಲಲು ಏನು ಮಾಡಬೇಕು?" ಎಂಬ ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಗೆಲುವು ನಿಮ್ಮನ್ನು ನಾಲ್ಕು ಜನರ ಕಣ್ಣಿಗೆ ಬೀಳಿಸಬಹುದು. ಆದರೆ ರಾವತ್‌ಭಾಟಾದ ಮನೆಯಲ್ಲಿ ತಾಯಿಯ ಮುಂದೆ ಕುಳಿತು ಕಲಿತ ಪಾಠವನ್ನು ಯಾವ ವೇದಿಕೆಯೂ ಕೊಡಲಾರದು. ಹಾಡುತ್ತಾ ಹಾಡುತ್ತಾ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಆರನೇ ತರಗತಿಯ ಆ ಹುಡುಗಿ? ಈಗ ಏಳನೇ ತರಗತಿ. ಈ ವರ್ಷವೂ ಅವಳಿಗೆ ಬಹುಮಾನ ಬರಲಿಲ್ಲ. ಅವಳ ಚೀಟಿಯಲ್ಲಿ "ತಾಳ ಬಹಳ ಚೆನ್ನಾಗಿದೆ, 'ಳ'ಕಾರದ ಮೇಲೆ ಗಮನವಿರಲಿ" ಎಂದು ಬರೆದಿದ್ದೆವು. ಮರುವಾರ ಅವಳು ಕನ್ನಡ ಅಕ್ಷರಗಳಲ್ಲೇ ಬರೆದ ಹಾಡಿನ ಪುಸ್ತಕ ಹಿಡಿದು ಬಂದಳು. ಈಗ ಪ್ರಾರ್ಥನಾ ಗುಂಪಿನ ಎರಡನೇ ಸಾಲಿನಲ್ಲಿ ನಿಂತು ಹಾಡುತ್ತಾಳೆ. ನಿಮ್ಮೆಲ್ಲರ ಮನೆಗಳಲ್ಲೂ ಹಾಡು ನಿಲ್ಲದಿರಲಿ ಎಂಬುದೇ ನಮ್ಮ ಹಾರೈಕೆ.