ಮುಚ್ಚಿದ ಶಾಲೆಗಳು: ಅಮೆರಿಕದ ವರ್ಣಭೇದ ಮತ್ತು ಶಿಕ್ಷಣದ ಹಕ್ಕು

ಅಮೆರಿಕದ ಶಾಲೆಗಳಲ್ಲಿದ್ದ ವರ್ಣಭೇದದ ವಿರುದ್ಧ ನಡೆದ ಹೋರಾಟವೆಂದೊಡನೆ 1954ರ ‘ಬ್ರೌನ್’ ತೀರ್ಪು ನೆನಪಾಗುವುದು ಸಹಜ. ಆದರೆ ಆ ತೀರ್ಪಿನ ಹಿಂದುಮುಂದುಗಳನ್ನು ಅರಿಯಬೇಕಾದರೆ ವರ್ಜೀನಿಯ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಇತಿಹಾಸವನ್ನು ಗಮನಿಸಬೇಕು.

ಸೌಲಭ್ಯಗಳು ಸಮಾನವಾಗಿದ್ದ ಪಕ್ಷದಲ್ಲಿ ಅವು ಪ್ರತ್ಯೇಕವಾಗಿರುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1896ರ ‘ಪ್ಲೆಸಿ’ ಮೊಕದ್ದಮೆಯಲ್ಲಿ ಹೇಳಿತ್ತು. ಈ ತತ್ತ್ವದಲ್ಲಿ ಪ್ರತ್ಯೇಕತೆಯು ಕಟ್ಟುನಿಟ್ಟಾಗಿ ಪಾಲನೆಗೊಂಡಿತು; ಸಮಾನತೆಯು ಕಾಗದದಲ್ಲಿಯೇ ಉಳಿಯಿತು. ಫಾರ್ಮ್‌ವಿಲ್ ಪಟ್ಟಣದಲ್ಲಿ ಕಪ್ಪು ಜನಾಂಗದ ಮಕ್ಕಳಿಗೆಂದಿದ್ದ ಮೋಟನ್ ಪ್ರೌಢಶಾಲೆ ಇದಕ್ಕೆ ನಿದರ್ಶನ. ಸುಮಾರು 180 ವಿದ್ಯಾರ್ಥಿಗಳಿಗಾಗಿ ಕಟ್ಟಿದ ಆ ಶಾಲೆಯಲ್ಲಿ 450ರಷ್ಟು ಮಂದಿ ಓದುತ್ತಿದ್ದರು. ಹೆಚ್ಚುವರಿ ತರಗತಿಗಳು ಡಾಂಬರು ಕಾಗದ ಹೊದಿಸಿದ ಷೆಡ್ಡುಗಳಲ್ಲಿ ನಡೆಯುತ್ತಿದ್ದವು.

1951ರ ಏಪ್ರಿಲ್ 23ರಂದು ಹದಿನಾರರ ಹರೆಯದ ಬಾರ್ಬರಾ ಜಾನ್ಸ್ ಎಂಬ ವಿದ್ಯಾರ್ಥಿನಿಯ ನೇತೃತ್ವದಲ್ಲಿ ಮಕ್ಕಳು ಮುಷ್ಕರ ಹೂಡಿದರು. ಅವರು ಮೊದಲು ಬೇಡಿದ್ದು ಒಳ್ಳೆಯ ಶಾಲೆಯೊಂದನ್ನು ಮಾತ್ರ. ಪ್ರತ್ಯೇಕತೆಯನ್ನೇ ಪ್ರಶ್ನಿಸುವುದಾದರೆ ತಾವು ವಾದಿಸುವುದಾಗಿ ನ್ಯಾಯವಾದಿಗಳಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ತಿಳಿಸಿದರು. ವಿದ್ಯಾರ್ಥಿಗಳೂ ಪಾಲಕರೂ ಅದಕ್ಕೆ ಒಪ್ಪಿದರು. ಹೀಗೆ ಕಟ್ಟಡದ ಬೇಡಿಕೆಯು ಹಕ್ಕಿನ ಪ್ರಶ್ನೆಯಾಗಿ ಪರಿಣಮಿಸಿತು.

‘ಬ್ರೌನ್’ ತೀರ್ಪಿನಲ್ಲಿ ಅಡಕವಾದ ಮೊಕದ್ದಮೆಗಳಲ್ಲಿ ಇದೂ ಒಂದು. ಪ್ರತ್ಯೇಕ ಶಾಲೆಗಳು ಸ್ವಭಾವತಃ ಅಸಮಾನವೆಂದು ನ್ಯಾಯಾಲಯವು 1954ರ ಮೇ 17ರಂದು ಒಮ್ಮತದಿಂದ ತೀರ್ಮಾನಿಸಿತು. ಆದರೆ 1955ರ ಅನುಷ್ಠಾನದ ಆದೇಶದಲ್ಲಿ ನಿರ್ದಿಷ್ಟ ಗಡುವು ಇರಲಿಲ್ಲ. ವಿರೋಧಿಗಳು ಈ ಸಡಿಲಿಕೆಯನ್ನು ಚೆನ್ನಾಗಿ ಬಳಸಿಕೊಂಡರು. 1959ರಲ್ಲಿ ಶಾಲೆಗಳನ್ನು ಎಲ್ಲರಿಗೂ ತೆರೆಯಲೇಬೇಕಾದ ಸಂದರ್ಭ ಒದಗಿದಾಗ, ಕೌಂಟಿಯ ಆಡಳಿತವು ಹಣ ಮಂಜೂರು ಮಾಡದೆ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಸಿದ್ಧವಾಯಿತು. ಮುಂದೆ ಅದರ ಶುಲ್ಕಕ್ಕೆ ಸರಕಾರಿ ನೆರವೂ ದೊರೆಯಿತು. ಕಪ್ಪು ಮಕ್ಕಳಲ್ಲಿ ಕೆಲವರು ಪರಊರಿನ ಬಂಧುಗಳ ಮನೆ ಸೇರಿದರು. ಕೆಲವರು ಇಗರ್ಜಿಗಳಲ್ಲಿ ಅಷ್ಟಿಷ್ಟು ಕಲಿತರು. ಅನೇಕರಿಗೆ ಶಾಲೆಯೇ ಇಲ್ಲವಾಯಿತು. 1963ರಲ್ಲಿ ದಾನಿಗಳ ನೆರವಿನಿಂದ ಉಚಿತ ಶಾಲೆಗಳು ತೆರೆದವು. 1964ರ ‘ಗ್ರಿಫಿನ್’ ತೀರ್ಪಿನ ತರುವಾಯವೇ ಸಾರ್ವಜನಿಕ ಶಾಲೆಗಳ ಬಾಗಿಲು ಮತ್ತೆ ತೆರೆಯಿತು.

ನ್ಯಾಯಾಲಯದ ತೀರ್ಪು ಹಕ್ಕನ್ನು ಘೋಷಿಸಬಲ್ಲದು. ಅದು ಮಗುವಿನ ಕೈಗೆ ಪಾಟಿಯಾಗಿ ತಲುಪಬೇಕಾದರೆ ಆಡಳಿತದ ಸಮ್ಮತಿಯೂ ಸಮಾಜದ ಮನಃಪರಿವರ್ತನೆಯೂ ಬೇಕು ಎಂಬುದಕ್ಕೆ ಈ ಐದು ವರ್ಷಗಳೇ ಸಾಕ್ಷಿ. ಅಂದು ಓದು ತಪ್ಪಿದವರಿಗಾಗಿ ವರ್ಜೀನಿಯವು 2004ರಲ್ಲಿ ವಿದ್ಯಾರ್ಥಿವೇತನವನ್ನು ಏರ್ಪಡಿಸಿತು. ಆ ವೇಳೆಗೆ ಆ ಮಕ್ಕಳಲ್ಲಿ ಹಲವರು ಐವತ್ತು ದಾಟಿದ್ದರು.