ಬೆಳಗದ ಅಂಕಿಗೇ ಆಪತ್ತು: ನಿಕ್ಸಿ ಗಡಿಯಾರದ ಆರೈಕೆ

ಎಲೆಕ್ಟ್ರಿಷಿಯನ್ ಜೇಬಿನಲ್ಲಿರುವ ಟೆಸ್ಟರ್ ಅನ್ನು ನಾವೆಲ್ಲ ನೋಡಿದ್ದೇವೆ. ಕರೆಂಟ್ ಇರುವಲ್ಲಿ ಅದನ್ನು ತಾಗಿಸಿದರೆ ಹಿಡಿಯೊಳಗಿನ ಪುಟ್ಟ ನಿಯಾನ್ ದೀಪ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಅದೇ ಬೆಳಕು ಅಂಕಿಯ ಆಕಾರದಲ್ಲಿ ಬೆಳಗುವಂತೆ ಮಾಡಿದರೆ ಸಿಗುವುದೇ ನಿಕ್ಸಿ ಟ್ಯೂಬ್. ಹಳೆಯ ಕಾಲದ ನೋಟವಿರುವ ಈ ಟ್ಯೂಬ್‌ಗಳ ಗಡಿಯಾರಗಳು ಈಗ ಕಿಟ್ ರೂಪದಲ್ಲಿಯೂ ಸಿಗುತ್ತವೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿ ಇರುವವರಿಗೆ ಅವು ಇಷ್ಟವಾಗುವುದು ಸಹಜ. ಆದರೆ ಅವನ್ನು ಇಟ್ಟುಕೊಳ್ಳುವವರು ತಿಳಿದಿರಲೇಬೇಕಾದ ಕೆಲವು ವಿಷಯಗಳಿವೆ.

ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ನಿಕ್ಸಿ ಟ್ಯೂಬನ್ನು ಮಾರುಕಟ್ಟೆಗೆ ತಂದಿತು. ಪ್ರಯೋಗಾಲಯದ ವೋಲ್ಟ್‌ಮೀಟರ್‌ಗಳು, ಫ್ರೀಕ್ವೆನ್ಸಿ ಕೌಂಟರ್‌ಗಳು ಮತ್ತು ಆರಂಭದ ಕ್ಯಾಲ್ಕುಲೇಟರ್‌ಗಳಲ್ಲಿ ಇದು ಅಂಕಿ ತೋರಿಸುತ್ತಿತ್ತು. 1970ರ ದಶಕದಲ್ಲಿ ಎಲ್‌ಇಡಿ ಅಂಕಿಗಳು ಬಂದು ಇದರ ಜಾಗವನ್ನು ಹಿಡಿದವು. ಇಂದಿನ ಎಷ್ಟೋ ಗಡಿಯಾರಗಳಲ್ಲಿ ಇರುವುದು ಹಿಂದಿನ ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ ಉಳಿದ ಐಎನ್-12, ಐಎನ್-14ರಂತಹ ಟ್ಯೂಬ್‌ಗಳು. ಚೆಕ್ ಗಣರಾಜ್ಯದ ದಾಲಿಬೋರ್ ಫಾರ್ನಿಯವರಂತಹ ಕೆಲವರು ಮಾತ್ರ ಹೊಸ ಟ್ಯೂಬ್‌ಗಳನ್ನು ಕೈಯಿಂದ ತಯಾರಿಸುತ್ತಿದ್ದಾರೆ, ಅವು ಬಹಳ ದುಬಾರಿ. ಹಾಗಾಗಿ ಒಂದು ಟ್ಯೂಬ್ ಕೆಟ್ಟರೆ ಅಂಗಡಿಗೆ ಹೋಗಿ ಬಲ್ಬ್ ತಂದಂತೆ ಇನ್ನೊಂದನ್ನು ತರಲು ಆಗುವುದಿಲ್ಲ.

ಗಾಜಿನ ಟ್ಯೂಬಿನೊಳಗೆ ಕಡಿಮೆ ಒತ್ತಡದಲ್ಲಿ ನಿಯಾನ್ ಅನಿಲ ಇರುತ್ತದೆ. 0ಯಿಂದ 9ರವರೆಗಿನ ಆಕಾರದ ಹತ್ತು ತೆಳು ಲೋಹದ ಕ್ಯಾಥೋಡ್‌ಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಅವುಗಳ ಮುಂದೆ ಜಾಲರಿಯಂತಹ ಆನೋಡ್ ಇದೆ. ಸುಮಾರು 170 ವೋಲ್ಟ್ ಕೊಟ್ಟಾಗ ಅನಿಲ ಅಯಾನೀಕರಣಗೊಂಡು, ಆಯ್ದ ಅಂಕಿಯ ಸುತ್ತ ಬೆಳಕು ಮೂಡುತ್ತದೆ. ಇಲ್ಲಿ ತಂತಿ ಕಾದು ಬೆಳಗುವುದಿಲ್ಲ, ಬೆಳಗುವುದು ಅನಿಲ. ಆದ್ದರಿಂದ ಬಲ್ಬಿನ ಫಿಲಮೆಂಟ್‌ನಂತೆ ಇದು ಸುಟ್ಟುಹೋಗುವುದಿಲ್ಲ. ಇದಕ್ಕೆ ಬರುವ ಕಾಯಿಲೆಯೇ ಬೇರೆ.

ಧನ ಅಯಾನುಗಳು ಬೆಳಗುತ್ತಿರುವ ಕ್ಯಾಥೋಡಿಗೆ ಬಡಿದಾಗ ಲೋಹದ ಪರಮಾಣುಗಳು ಸ್ವಲ್ಪ ಸ್ವಲ್ಪವೇ ಸಿಡಿಯುತ್ತವೆ. ಅವು ಅಕ್ಕಪಕ್ಕದ, ಬೆಳಗದೆ ಇರುವ ಅಂಕಿಗಳ ಮೇಲೆ ಹೋಗಿ ಕೂರುತ್ತವೆ. ಅಂಕಿ ಆಗಾಗ ಬೆಳಗುತ್ತಿದ್ದರೆ ಅದೇ ಅಯಾನುಗಳ ಹೊಡೆತ ಈ ಕೊಳೆಯನ್ನು ತೆಗೆದುಹಾಕುತ್ತದೆ. ತಿಂಗಳುಗಟ್ಟಲೆ ಬೆಳಗದೆ ಇದ್ದರೆ ಪದರ ದಪ್ಪವಾಗುತ್ತದೆ. ಮುಂದೆ ಆ ಅಂಕಿಯನ್ನು ಹಚ್ಚಿದಾಗ ಅದರ ಒಂದು ಭಾಗ ಕತ್ತಲಾಗಿಯೇ ಉಳಿಯುತ್ತದೆ. ಇದಕ್ಕೆ ಕ್ಯಾಥೋಡ್ ಪಾಯ್ಸನಿಂಗ್ ಎನ್ನುತ್ತಾರೆ. ದುಡಿದ ಅಂಕಿಗಿಂತ ಸುಮ್ಮನೆ ಕುಳಿತ ಅಂಕಿಯೇ ಮೊದಲು ಕೆಡುತ್ತದೆ!

ಗಡಿಯಾರದಲ್ಲಿ ಈ ತೊಂದರೆ ತಪ್ಪಿದ್ದಲ್ಲ. 24 ಗಂಟೆಯ ಗಡಿಯಾರದ ಮೊದಲ ಟ್ಯೂಬನ್ನೇ ನೋಡಿ. ದಿನದಲ್ಲಿ 0 ಹತ್ತು ಗಂಟೆ, 1 ಹತ್ತು ಗಂಟೆ, 2 ನಾಲ್ಕು ಗಂಟೆ ಬೆಳಗುತ್ತವೆ. 3ರಿಂದ 9ರವರೆಗಿನ ಏಳು ಅಂಕಿಗಳಿಗೆ ಕೆಲಸವೇ ಇಲ್ಲ. ನಿಮಿಷದ ಹತ್ತರ ಸ್ಥಾನದಲ್ಲಿ 6, 7, 8, 9 ಎಂದೂ ಬರುವುದಿಲ್ಲ. ಇದಕ್ಕೆ ಪರಿಹಾರವೆಂದರೆ ಎಲ್ಲ ಟ್ಯೂಬ್‌ಗಳಲ್ಲಿ ಎಲ್ಲ ಅಂಕಿಗಳನ್ನೂ ದಿನವೂ ಸ್ವಲ್ಪ ಹೊತ್ತು ಓಡಿಸುವುದು. ಒಳ್ಳೆಯ ಗಡಿಯಾರಗಳಲ್ಲಿ ಈ ಸೌಲಭ್ಯ ಇರುತ್ತದೆ. ಅಂಕಿಗಳು ಸರಸರನೆ ಉರುಳುವುದನ್ನು ಕೆಲವರು ಬರೀ ಅಲಂಕಾರ ಎಂದು ತಿಳಿದು ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಡಿಯಾರವನ್ನು ನೀವೇ ಪ್ರೋಗ್ರಾಂ ಮಾಡುತ್ತಿದ್ದರೆ ಈ ಕೆಲವು ಸಾಲುಗಳನ್ನು ಮರೆಯದೆ ಸೇರಿಸಿ.

ಎರಡನೆಯದು ಕರೆಂಟಿನ ಪ್ರಮಾಣ. ಹೆಚ್ಚು ಪ್ರಕಾಶಕ್ಕಾಗಿ ಕರೆಂಟ್ ಏರಿಸಿದರೆ ಲೋಹ ಬೇಗ ಸವೆಯುತ್ತದೆ, ಗಾಜು ಒಳಗಿನಿಂದ ಕಪ್ಪಾಗುತ್ತದೆ. ಅತಿಯಾಗಿ ಇಳಿಸಿದರೆ ಅಂಕಿ ಪೂರ್ತಿ ಬೆಳಗುವುದಿಲ್ಲ. ಆನೋಡಿನ ಸರಣಿಯಲ್ಲಿರುವ ರೆಸಿಸ್ಟರ್ ಇದನ್ನು ನಿಯಂತ್ರಿಸುತ್ತದೆ. ಉದಾಹರಣೆಗೆ ಪೂರೈಕೆ 170 ವೋಲ್ಟ್, ಬೆಳಗುವಾಗ ಟ್ಯೂಬಿನಲ್ಲಿ ಉಳಿಯುವುದು 140 ವೋಲ್ಟ್, ಬೇಕಾದ ಕರೆಂಟ್ 2 ಮಿಲಿಆಂಪಿಯರ್ ಎಂದುಕೊಳ್ಳೋಣ. ಓಮ್‌ನ ನಿಯಮದಂತೆ 30 ವೋಲ್ಟನ್ನು 0.002 ಆಂಪಿಯರ್‌ನಿಂದ ಭಾಗಿಸಿದರೆ 15,000 ಓಮ್. ನಿಮ್ಮ ಟ್ಯೂಬಿನ ಡೇಟಾಶೀಟ್ ನೋಡಿಯೇ ಈ ಲೆಕ್ಕ ಮಾಡಿ.

ಮೂರನೆಯದು ವಿಶ್ರಾಂತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಟ್ಯೂಬ್‌ಗಳು ಆರಿರುವಂತೆ ಮಾಡಿದರೆ ಸವೆತದ ಮೂರನೇ ಒಂದು ಭಾಗ ಉಳಿಯುತ್ತದೆ. ಸಮಯ ತಪ್ಪುವ ಭಯ ಬೇಡ. ಡಿಎಸ್3231ರಂತಹ ಚಿಪ್ ಮತ್ತು ನಾಣ್ಯದಂತಹ ಪುಟ್ಟ ಬ್ಯಾಟರಿ ಇದ್ದರೆ ಕರೆಂಟ್ ಹೋದರೂ ಲೆಕ್ಕ ಮುಂದುವರಿಯುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ನಿಮಿಷ ವ್ಯತ್ಯಾಸವಾಗಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಸುರಕ್ಷತೆ. “12 ವೋಲ್ಟ್ ಅಡಾಪ್ಟರ್ ತಾನೆ, ಏನಾಗುತ್ತದೆ?” ಎಂಬ ಧೈರ್ಯ ಅಪಾಯಕಾರಿ. ಒಳಗಿನ ಸರ್ಕ್ಯೂಟ್ ಆ 12 ವೋಲ್ಟನ್ನೇ 170ಕ್ಕೆ ಏರಿಸಿರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. 4.7 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಡ್ಡಲಾಗಿ 10 ಲಕ್ಷ ಓಮ್ ರೆಸಿಸ್ಟರ್ ಇದ್ದರೆ ಅದರ ಟೈಮ್ ಕಾನ್‌ಸ್ಟಂಟ್ 4.7 ಸೆಕೆಂಡ್. ಅಂದರೆ ಬಹುಪಾಲು ಖಾಲಿಯಾಗಲು ಅದರ ಐದು ಪಟ್ಟು, ಸುಮಾರು 24 ಸೆಕೆಂಡ್ ಬೇಕು. ರೆಸಿಸ್ಟರ್ ಇಲ್ಲದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಪ್ಲಗ್ ತೆಗೆದು, ಕಾದು, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಇಳಿದಿರುವುದನ್ನು ನೋಡಿದ ಮೇಲೆಯೇ ಒಳಗೆ ಕೈ ಹಾಕಿ. ಮೊದಲ ಬಾರಿ ಕಿಟ್ ಜೋಡಿಸುವವರು ಲ್ಯಾಬಿನಲ್ಲಿ ಉಪನ್ಯಾಸಕರ ಎದುರಿನಲ್ಲೇ ಜೋಡಿಸುವುದು ಒಳ್ಳೆಯದು.

ಧೂಳು ಒರೆಸುವಾಗಲೂ ಪ್ಲಗ್ ತೆಗೆದಿರಬೇಕು. ಒಣಗಿದ ಮೃದು ಬಟ್ಟೆ ಸಾಕು, ನೀರು ಅಥವಾ ಸ್ಪ್ರೇ ಬೇಡ. ಟ್ಯೂಬನ್ನು ಹಿಡಿದು ಅಲುಗಾಡಿಸಿದರೆ ಗಾಜಿನಿಂದ ಹೊರಬರುವ ತಂತಿಗಳು ಬುಡದಲ್ಲೇ ಮುರಿಯುತ್ತವೆ. ಸವೆತ ತಗ್ಗಿಸಲು ಹಲವು ಟ್ಯೂಬ್‌ಗಳಲ್ಲಿ ಅತ್ಯಲ್ಪ ಪಾದರಸ ಸೇರಿಸಿರುತ್ತಾರೆ. ಟ್ಯೂಬ್ ಒಡೆದರೆ ಕಿಟಕಿ ತೆರೆಯಿರಿ, ಪೊರಕೆ ಬಳಸಬೇಡಿ. ಕೈಗವಸು ಹಾಕಿ, ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ, ಮುಚ್ಚಿದ ಚೀಲದಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಗಡಿಯಾರ ಇರುವವರು ಇಂದೇ ಒಂದು ಪರೀಕ್ಷೆ ಮಾಡಿ. ಪ್ರತಿ ಟ್ಯೂಬಿನಲ್ಲೂ 0ಯಿಂದ 9ರವರೆಗೆ ಒಂದೊಂದಾಗಿ ಹಚ್ಚಿ ನೋಡಿ. ಯಾವುದಾದರೂ ಅಂಕಿಯ ಮೂಲೆ ಕತ್ತಲಾಗಿದ್ದರೆ ಅದನ್ನು ಕೆಲವು ಗಂಟೆ ಸತತವಾಗಿ ಬೆಳಗಲು ಬಿಡಿ. ಆರಂಭದ ಹಂತದಲ್ಲಿ ಅದು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.