ಎಂಟು ತಾಸಿನ ಊರು

ಮಯಾಮಿಯ ದಕ್ಕೆಯಲ್ಲಿ ನಿಂತಿರುವ ವಿಹಾರದ ಹಡಗುಗಳ ಹಿಂಬದಿಯನ್ನೊಮ್ಮೆ ನೋಡಬೇಕು. ಹಡಗಿನ ಹೆಸರಿನ ಕೆಳಗೆ, ತುಸು ಚಿಕ್ಕ ಅಕ್ಷರದಲ್ಲಿ, ಅದು ನೋಂದಣಿಯಾದ ಊರಿನ ಹೆಸರಿರುತ್ತದೆ. ಅಲ್ಲಿ ಮಯಾಮಿ ಎಂದು ಬರೆದಿರುವುದಿಲ್ಲ. ಎಷ್ಟೋ ಹಡಗುಗಳಲ್ಲಿ ಇರುವುದು ಬಹಾಮಾಸ್‌ನ ರಾಜಧಾನಿ ‘ನಸ್ಸೌ’, ಇನ್ನು ಕೆಲವದರಲ್ಲಿ ‘ಪನಾಮಾ’. ಕಂಪನಿಯ ಕಚೇರಿ ಅಮೆರಿಕದಲ್ಲಿ, ಹತ್ತುವವರಲ್ಲಿ ಹೆಚ್ಚಿನವರು ಅಮೆರಿಕದವರು. ಹಡಗು ಮಾತ್ರ ಕಾಗದದ ಮೇಲೆ ಬಹಾಮಾಸ್‌ನದ್ದು. ತೆರಿಗೆ, ಸಿಬ್ಬಂದಿಯ ಸಂಬಳ, ಕಾರ್ಮಿಕ ಕಾನೂನು ಎಲ್ಲದರಲ್ಲೂ ಮಾಲೀಕರಿಗೆ ಇದೇ ಅನುಕೂಲ.

ಆದರೆ ಈ ಅನುಕೂಲಕ್ಕೆ ಒಂದು ಕೊಕ್ಕೆಯೂ ಇದೆ. ತನ್ನ ದೇಶದ ಹಡಗುಗಳನ್ನು ಕಾಪಾಡಿಕೊಳ್ಳಲು ಅಮೆರಿಕ 1886ರಲ್ಲಿ ಒಂದು ಕಾಯ್ದೆ ತಂದಿತು. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಮಯಾಮಿಯಲ್ಲಿ ಹತ್ತಿಸಿಕೊಂಡು, ಅಮೆರಿಕದ್ದೇ ಆದ ಕೀ ವೆಸ್ಟ್ ತೋರಿಸಿ, ಮಯಾಮಿಗೇ ತಂದಿಳಿಸುವುದಾದರೂ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಮೂರು ರಾತ್ರಿಯ ಪ್ರವಾಸದಲ್ಲಿ ಹಾಗೆ ಮುಟ್ಟಲು ಸಿಗುವ ವಿದೇಶ ಯಾವುದು? ಸುಮಾರು 300 ಕಿಲೋಮೀಟರ್ ದೂರದ ನಸ್ಸೌ. ಕಿರು ಕ್ರೂಸ್‌ಗಳ ಪಟ್ಟಿಯಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಅದರ ಅಂದಚಂದಕ್ಕಿಂತ ಈ ಹಳೆಯ ಕಾಯ್ದೆ ಮತ್ತು ಭೂಪಟದ ಲೆಕ್ಕಾಚಾರ ಹೆಚ್ಚು ಕಾರಣ. ಇನ್ನೊಂದು ಮಾತು: ಜಾಹೀರಾತಿನಲ್ಲಿ ‘ಕೆರಿಬಿಯನ್’ ಎಂದಿದ್ದರೂ ಬಹಾಮಾಸ್ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ. ಕೆರಿಬಿಯನ್ ಸಮುದ್ರ ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಕ್ಯೂಬಾದ ಆಚೆ.

ಈ ಮಾರ್ಗ ಹಳೆಯದು, ಅದರ ಚರಿತ್ರೆಯಲ್ಲಿ ಸಾವುನೋವೂ ಇದೆ. 1965ರ ನವೆಂಬರ್‌ನಲ್ಲಿ ಮಯಾಮಿಯಿಂದ ನಸ್ಸೌಗೆ ಹೊರಟ ‘ಯಾರ್ಮತ್ ಕ್ಯಾಸಲ್’ ಎಂಬ ಹಳೆಯ ಹಡಗಿಗೆ ನಡುರಾತ್ರಿ ಬೆಂಕಿ ಬಿದ್ದು 90 ಮಂದಿ ಸತ್ತರು. ಹಡಗುಗಳ ಅಗ್ನಿಸುರಕ್ಷತೆಯ ನಿಯಮಗಳು ಬಿಗಿಯಾದದ್ದು ಆ ದುರಂತದ ನಂತರ. ಮರುವರ್ಷದ ಡಿಸೆಂಬರ್‌ನಲ್ಲಿ ನಾರ್ವೆಯ ಕ್ನೂಟ್ ಕ್ಲೋಸ್ಟರ್ ಮತ್ತು ಟೆಡ್ ಆರಿಸನ್ ಸೇರಿ ‘ಸನ್‌ವರ್ಡ್’ ಎಂಬ ಹೊಸ ಹಡಗನ್ನು ಇದೇ ದಾರಿಗೆ ಇಳಿಸಿದರು. ಬ್ರಿಟನ್ನಿನ ಪ್ರವಾಸಿಗರನ್ನು ಕಾರು ಸಮೇತ ಜಿಬ್ರಾಲ್ಟರ್ ಕಡೆಗೆ ಸಾಗಿಸಲೆಂದು ಕಟ್ಟಿದ್ದ ಹಡಗು ಅದು. ಅಲ್ಲಿ ವ್ಯಾಪಾರ ಕೈಕೊಟ್ಟಿದ್ದರಿಂದ ಇಲ್ಲಿಗೆ ಬಂತು. ಮೂರು ರಾತ್ರಿ, ನಾಲ್ಕು ರಾತ್ರಿಯ ಪ್ರವಾಸ ಮಧ್ಯಮ ವರ್ಗದ ಕೈಗೆಟುಕುವ ರಜೆಯಾದದ್ದು ಇಲ್ಲಿಂದ ಮುಂದೆ. ಆರಿಸನ್ ಆಮೇಲೆ ಬೇರೆಯಾಗಿ 1972ರಲ್ಲಿ ಕಾರ್ನಿವಲ್ ಕಂಪನಿ ಕಟ್ಟಿದರು.

ಹಡಗು ಸಂಜೆ ನಾಲ್ಕೈದಕ್ಕೆ ಹೊರಟು ಬೆಳಿಗ್ಗೆ ಏಳೆಂಟಕ್ಕೆ ನಸ್ಸೌ ಸೇರುತ್ತದೆ. ಮನಸ್ಸು ಮಾಡಿದರೆ ಇದರ ಅರ್ಧ ಹೊತ್ತಿನಲ್ಲೇ ಮುಟ್ಟಬಹುದು. ಆದರೆ ನಿಧಾನವಾಗಿ ಹೋದರೆ ಇಂಧನ ಉಳಿಯುತ್ತದೆ, ಮೇಲಾಗಿ ಹಡಗಿನ ಕ್ಯಾಸಿನೊ ಮತ್ತು ಅಂಗಡಿಗಳು ತೆರೆದಿರುವುದು ನಡುಸಮುದ್ರದಲ್ಲಿ. ದಡ ಮುಟ್ಟಿದರೆ ಸಾಮಾನ್ಯವಾಗಿ ಅವಕ್ಕೆ ಬೀಗ.

ಬಹಾಮಾಸ್‌ನ ಜನಸಂಖ್ಯೆ ಸುಮಾರು 4 ಲಕ್ಷ. 2024ರಲ್ಲಿ ಅಲ್ಲಿಗೆ ಬಂದವರು ಒಂದು ಕೋಟಿಗೂ ಹೆಚ್ಚು, ಅವರಲ್ಲಿ ಬಹುಪಾಲು ಹಡಗಿನಲ್ಲಿ ಬಂದವರು. 2023ರಲ್ಲಿ ಹೊಸದಾಗಿ ಕಟ್ಟಿ ಮುಗಿಸಿದ ನಸ್ಸೌ ದಕ್ಕೆಯಲ್ಲಿ ಆರು ದೊಡ್ಡ ಹಡಗುಗಳು ಒಟ್ಟಿಗೆ ನಿಲ್ಲಬಹುದು. ಹಾಗೆ ನಿಂತ ದಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಂದೇ ಬಾಗಿಲಿನಿಂದ ಜಾತ್ರೆಗೆ ಇಳಿದಂತೆ ಊರೊಳಗೆ ಇಳಿಯುತ್ತಾರೆ. ಟ್ಯಾಕ್ಸಿಯವರು, ಜಡೆ ಹೆಣೆಯುವ ಹೆಂಗಸರು, ದೋಣಿಯವರು ಎಲ್ಲರೂ ಕೂಗುತ್ತಾರೆ. ಎದುರಿಗೇ ಬೇ ಸ್ಟ್ರೀಟ್. ಅಲ್ಲಿ ಸಾಲುಸಾಲಾಗಿ ವಜ್ರದ ಅಂಗಡಿ, ವಾಚಿನ ಅಂಗಡಿ, ಮದ್ಯದ ಅಂಗಡಿ. ಹೆಚ್ಚಿನವರು ಇಷ್ಟನ್ನೇ ಸುತ್ತಿ, ‘ನಸ್ಸೌನಲ್ಲಿ ಏನೂ ಇಲ್ಲ’ ಎನ್ನುತ್ತಾ ಮಧ್ಯಾಹ್ನದ ಊಟಕ್ಕೆ ಹಡಗಿಗೆ ವಾಪಸಾಗುತ್ತಾರೆ.

ಬೇ ಸ್ಟ್ರೀಟ್ ದಾಟಿ ದಕ್ಷಿಣಕ್ಕೆ ಗುಡ್ಡದ ಕಡೆ ಇಪ್ಪತ್ತು ನಿಮಿಷ ನಡೆದರೆ ಸಾಕು. ಗುಲಾಬಿ ಬಣ್ಣದ ಸಂಸತ್ ಕಟ್ಟಡಗಳು, ಅವುಗಳ ಮುಂದೆ ಕೂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆ ದಾರಿಯಲ್ಲೇ ಸಿಗುತ್ತವೆ. ದೇಶ ಸ್ವತಂತ್ರವಾದದ್ದು 1973ರ ಜುಲೈ 10ರಂದು. ರಾಣಿಯನ್ನು ಯಾರೂ ಎಬ್ಬಿಸಲಿಲ್ಲ. ಮುಂದೆ ಹೋದರೆ ಕ್ವೀನ್ಸ್ ಸ್ಟೇರ್‌ಕೇಸ್. ಸುಣ್ಣಕಲ್ಲಿನ ಗುಡ್ಡವನ್ನು ಸೀಳಿ ಮಾಡಿದ ಇಕ್ಕಟ್ಟಾದ ಕಂದಕ, ಅದರ ತುದಿಯಲ್ಲಿ 65 ಮೆಟ್ಟಿಲು. ಎರಡೂ ಕಡೆ ಗೋಡೆಯ ಹಾಗೆ ನೆಟ್ಟಗೆ ನಿಂತ ಕಲ್ಲು, ಅದರ ಸಂದುಗಳಿಂದ ಇಳಿಬಿದ್ದ ಬೇರು, ಜರಿಗಿಡ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಾಗುತ್ತದೆ. ರಾಣಿಯ ಹೆಸರು ಬಂದದ್ದು ಆಮೇಲೆ. 1790ರ ದಶಕದಲ್ಲಿ ಇದನ್ನು ಕಡಿದವರು ಗುಲಾಮರು. ಮೇಲಿನ ಫೋರ್ಟ್ ಫಿನ್‌ಕಾಸಲ್ ಕೋಟೆಯಿಂದ ಊರಿಗೆ ಇಳಿಯಲು ಒಂದು ದಾರಿ ಬೇಕಿತ್ತು, ಬಂಡೆಯನ್ನೇ ಕಡಿಸಿದರು.

ಕೋಟೆ ಕಟ್ಟಿಸಿದ ಗವರ್ನರ್ ಲಾರ್ಡ್ ಡನ್ಮೋರ್‌ನ ಕಥೆ ಕೇಳಿದರೆ ಈ ಮೆಟ್ಟಿಲು ಬೇರೆಯೇ ಆಗಿ ಕಾಣುತ್ತದೆ. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಹೊತ್ತಿಗೆ ಅವನು ವರ್ಜೀನಿಯಾದ ಗವರ್ನರ್ ಆಗಿದ್ದ. ದಂಗೆಕೋರ ಮಾಲೀಕರನ್ನು ಬಿಟ್ಟು ಬ್ರಿಟಿಷರ ಕಡೆ ಸೇರುವ ಗುಲಾಮರಿಗೆ ಬಿಡುಗಡೆ ಎಂದು 1775ರಲ್ಲಿ ಘೋಷಣೆ ಹೊರಡಿಸಿದವನೂ ಅವನೇ. ಯುದ್ಧ ಸೋತು, ಕೆಲವು ವರ್ಷಗಳ ಮೇಲೆ ನಸ್ಸೌಗೆ ಬಂದು, ಗುಲಾಮರ ದುಡಿಮೆಯಲ್ಲೇ ಕೋಟೆಗಳನ್ನು ಎಬ್ಬಿಸಿದ. ಅವನು ಕಟ್ಟಿಸಿದ ದೊಡ್ಡ ಕೋಟೆ ಫೋರ್ಟ್ ಷಾರ್ಲಟ್‌ನಿಂದ ಯುದ್ಧದಲ್ಲಿ ಒಂದು ಗುಂಡೂ ಹಾರಲಿಲ್ಲ.

ಊರಿನ ಹಳೆಯ ಕಡಲ್ಗಳ್ಳರ ಕಥೆಯನ್ನು ಮಾರ್ಗದರ್ಶಕರು ಹೇಗೂ ಹೇಳುತ್ತಾರೆ. 1718ರಲ್ಲಿ ಗವರ್ನರ್ ಆಗಿ ಬಂದ ವುಡ್ಸ್ ರಾಜರ್ಸ್ ಆ ಕಳ್ಳರಿಗೆ ರಾಜನ ಕ್ಷಮಾದಾನ ಕೊಟ್ಟು, ಮತ್ತೆ ಕಳ್ಳತನಕ್ಕೆ ಇಳಿದವರನ್ನು ಗಲ್ಲಿಗೇರಿಸಿ, ಬಂದರನ್ನು ವ್ಯಾಪಾರಕ್ಕೆ ತೆರೆದ. ದಕ್ಕೆಯ ಪಕ್ಕದ ರಸ್ತೆಗೆ ಅವನ ಹೆಸರೇ ಇದೆ. ಈಗ ಅದೇ ಊರಿನಲ್ಲಿ ಕಡಲ್ಗಳ್ಳರ ಮ್ಯೂಸಿಯಂಗೆ ಟಿಕೆಟ್.

ಹಸಿವಾದರೆ ಪಾಟರ್ಸ್ ಕೇ. ಪ್ಯಾರಡೈಸ್ ದ್ವೀಪಕ್ಕೆ ಹೋಗುವ ಸೇತುವೆಯ ಅಡಿಯಲ್ಲಿ ಮೀನಿನ ದೋಣಿಗಳು, ಮರದ ಗೂಡಂಗಡಿಗಳು. ಈ ಸೇತುವೆಗೆ ನಟ ಸಿಡ್ನಿ ಪಾಯ್ಟಿಯರ್ ಹೆಸರಿಟ್ಟಿದ್ದಾರೆ. ಶ್ರೇಷ್ಠ ನಟ ಆಸ್ಕರ್ ಪಡೆದ ಮೊದಲ ಕಪ್ಪು ನಟ ಬೆಳೆದದ್ದು ಈ ದ್ವೀಪಗಳಲ್ಲೇ. ಗೂಡಂಗಡಿಯವನು ದೊಡ್ಡ ಶಂಖವೊಂದನ್ನು ಎತ್ತಿಕೊಂಡು, ತುದಿಯ ಸುರುಳಿಯ ಹತ್ತಿರ ಟಪ್ಪೆಂದು ಒಂದು ಸೀಳು ಹೊಡೆಯುತ್ತಾನೆ. ಚಾಕು ತೂರಿಸಿ ಒಳಗಿನ ಹಿಡಿತ ಕತ್ತರಿಸಿದರೆ ಪ್ರಾಣಿ ಇಡಿಯಾಗಿ ಜಾರಿ ಬರುತ್ತದೆ. ಚರ್ಮ ಸುಲಿದು, ಬಿಳಿಯ ಮಾಂಸವನ್ನು ಚಿಕ್ಕ ಚಿಕ್ಕ ಚೂರು ಮಾಡಿ, ಈರುಳ್ಳಿ, ಟೊಮೆಟೊ, ಖಾರದ ಮೆಣಸಿನಕಾಯಿ ಕೊಚ್ಚಿ, ನಿಂಬೆ, ಕಿತ್ತಳೆ ಹಿಂಡಿ ಕೈಗಿಡುತ್ತಾನೆ. ಒಲೆ ಹಚ್ಚುವ ಮಾತೇ ಇಲ್ಲ. ಪಕ್ಕದಲ್ಲಿ ‘ಪೀಸ್ ಆ್ಯಂಡ್ ರೈಸ್’ ಕೂಡ ಇರುತ್ತದೆ. ಅದರಲ್ಲಿರುವುದು ನಮ್ಮ ತೊಗರಿಕಾಳು. ಭಾರತದಲ್ಲಿ ಬೆಳೆಯಾದ ಈ ಕಾಳು ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ವ್ಯಾಪಾರದ ದಾರಿಯಲ್ಲಿ ಈ ದ್ವೀಪಗಳಿಗೆ ಬಂತು. ಕಲಬುರಗಿಯವರು ಖುಷಿಪಡಬಹುದು, ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಿನ್ನಬೇಕು: ಒಗ್ಗರಣೆಗೆ ಹಂದಿಮಾಂಸ ಹಾಕುವುದು ರೂಢಿ.

ಊರಿನ ನಿಜವಾದ ಸಂಭ್ರಮ ಜಂಕನೂ. ಡಿಸೆಂಬರ್ 26 ಮತ್ತು ಜನವರಿ 1ರ ನಸುಕಿನಲ್ಲಿ ಬೇ ಸ್ಟ್ರೀಟ್ ತುಂಬ ಆಡಿನ ಚರ್ಮದ ಡೋಲು, ದನದ ಕೊರಳಗಂಟೆ, ಕಹಳೆ. ರಟ್ಟು ಮತ್ತು ಬಣ್ಣದ ಕಾಗದದ ಆಳೆತ್ತರದ ವೇಷಗಳು. ಕ್ರಿಸ್‌ಮಸ್‌ಗೆ ಗುಲಾಮರಿಗೆ ಸಿಗುತ್ತಿದ್ದ ಬಿಡುವಿನಲ್ಲಿ ಹುಟ್ಟಿದ ಮೆರವಣಿಗೆ ಇದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬೆಳಿಗ್ಗೆ ಎಂಟಕ್ಕೆ ಬಂದಿಳಿಯುವವರಿಗೆ ಇದು ಸಿಗುವುದು ಕಷ್ಟ.

ಕಿರು ಪ್ರವಾಸದ ಇನ್ನೊಂದು ನಿಲ್ದಾಣ ಊರೇ ಅಲ್ಲ. ಅದು ಕಂಪನಿಯ ಸ್ವಂತ ದ್ವೀಪ. 1977ರಲ್ಲಿ ನಾರ್ವೇಜಿಯನ್ ಕಂಪನಿ ಗ್ರೇಟ್ ಸ್ಟಿರಪ್ ಕೇ ದ್ವೀಪದಲ್ಲಿ ಈ ಪದ್ಧತಿ ಶುರುಮಾಡಿತು. ಡಿಸ್ನಿಯ ಕ್ಯಾಸ್ಟವೇ ಕೇ 1998ರಲ್ಲಿ ತೆರೆಯಿತು. ರಾಯಲ್ ಕೆರಿಬಿಯನ್ 2019ರಲ್ಲಿ ಕೊಕೊಕೇಯನ್ನು ನೀರಾಟದ ಪಾರ್ಕಾಗಿ ಬದಲಿಸಿತು. ಅಲ್ಲಿನ ಜಾರುಬಂಡಿಯ ಎತ್ತರ 135 ಅಡಿ. ಮರಳು ಬಿಳಿ, ನೀರು ತಿಳಿ, ಮಕ್ಕಳಿಗೆ ಸ್ವರ್ಗ, ಸುಳ್ಳಲ್ಲ. ಆದರೆ ಅಲ್ಲಿ ಟ್ಯಾಕ್ಸಿಯವನಿಲ್ಲ, ಶಂಖ ಒಡೆಯುವವನ ಸ್ವಂತ ಅಂಗಡಿಯಿಲ್ಲ. ಪ್ರವಾಸಿಯ ಜೇಬಿನಿಂದ ಬೀಳುವ ಹೆಚ್ಚಿನ ಡಾಲರ್ ಕಂಪನಿಗೇ ಹೋಗುತ್ತದೆ. ಎರಡು ಬಂದರುಗಳ ಪ್ರವಾಸದಲ್ಲಿ ಒಂದು ಇಂಥದ್ದಾದರೆ ನನ್ನ ತಕರಾರಿಲ್ಲ. ಎರಡೂ ಇಂಥವೇ ಆದರೆ ಪಾಸ್‌ಪೋರ್ಟ್ ಹಿಡಿದು ಹೋದದ್ದಕ್ಕೆ ಅರ್ಥವಿಲ್ಲ.

ನಾಲ್ಕೈದು ರಾತ್ರಿಗಳಿದ್ದರೆ ಹಡಗು ಮೆಕ್ಸಿಕೊದ ಕೊಸುಮೆಲ್‌ವರೆಗೂ ಹೋಗುತ್ತದೆ. ಹವಳದ ದಂಡೆಗೆ ಹೆಸರಾದ ಜಾಗ. ಮಾಯಾ ಜನರ ಇಶ್ಚೆಲ್ ದೇವತೆಯ ಯಾತ್ರಾಸ್ಥಳವಾಗಿತ್ತು. ಒಂದು ಎಚ್ಚರಿಕೆ: ಅಲ್ಲಿ ಬೇಸಿಗೆಯ ಸಮಯ ಬದಲಾವಣೆ ಇಲ್ಲ. ಹೀಗಾಗಿ ಬೇಸಿಗೆಯಲ್ಲಿ ಅದು ಮಯಾಮಿಗಿಂತ ಒಂದು ಗಂಟೆ ಹಿಂದೆ. ಹಡಗು ಮಯಾಮಿ ಸಮಯವನ್ನೇ ಇಟ್ಟುಕೊಂಡಿದ್ದರೆ, ಮೊಬೈಲ್ ನಂಬಿ ಓಡಾಡಿದವರು ವಾಪಸ್ ಬರುವಷ್ಟರಲ್ಲಿ ಹಡಗು ಹೊರಟಿರುತ್ತದೆ. ಕೆಲವು ಹಡಗುಗಳು ನಿಲ್ಲುವ ಕೀ ವೆಸ್ಟ್‌ನಲ್ಲಿ ಲೇಖಕ ಹೆಮಿಂಗ್ವೇ ಮನೆ, ಆರು ಬೆರಳಿನ ಬೆಕ್ಕುಗಳು. ದೊಡ್ಡ ಹಡಗು ಬೇಡವೆಂದು 2020ರಲ್ಲಿ ಆ ಊರಿನವರು ಮತ ಹಾಕಿದರು. ಮರುವರ್ಷ ರಾಜ್ಯ ಸರ್ಕಾರ ಅದನ್ನು ರದ್ದು ಮಾಡಿತು.

ಇದೇ ಬಂದರುಗಳನ್ನು ಬೇರೆ ರೀತಿ ಬಲ್ಲವರೂ ಇದ್ದಾರೆ. ಮಂಗಳೂರು, ಉಡುಪಿಯ ಕಡೆ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಆರೇಳು ತಿಂಗಳ ಗುತ್ತಿಗೆ, ದಿನವೂ ದುಡಿಮೆ. ಪ್ರಯಾಣಿಕರು ಊರು ನೋಡಲು ಇಳಿದಾಗ ಇವರಿಗೆ ಬಿಡುವು ಸಿಕ್ಕರೆ ಒಂದೆರಡು ತಾಸು. ಅದು ದಕ್ಕೆಯ ಹತ್ತಿರದ ವೈಫೈ ಹುಡುಕಿ ಮನೆಗೆ ಫೋನು ಮಾಡುವುದರಲ್ಲೇ ಮುಗಿಯುತ್ತದೆ. ಊಟದ ಮೇಜಿನಲ್ಲಿ ಬಡಿಸಲು ಬಂದವರ ಎದೆಯ ಮೇಲಿನ ಹೆಸರಿನ ಬಿಲ್ಲೆಯಲ್ಲಿ ಭಾರತ ಎಂದಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತಾಡಿಸಿ ನೋಡಬಹುದು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಕಿರು ಕ್ರೂಸ್‌ಗೆ ಹೊರಡುವ ಹಿರಿಯರು ಈಗ ಬಹಳ. ಅವರು ಮೊದಲು ನೋಡಿಕೊಳ್ಳಬೇಕಾದದ್ದು ವೀಸಾ. ಹಡಗು ಅಮೆರಿಕ ಬಿಟ್ಟು ಹೋಗಿ ಮರಳುತ್ತದೆ, ಆದ್ದರಿಂದ ಹಲವು ಪ್ರವೇಶದ ವೀಸಾ ಇರಲೇಬೇಕು. ಆಮೇಲೆ ಕೋಣೆಯ ದರಕ್ಕಿಂತ ಮುಂಚೆ ಬಂದರುಗಳ ಪಟ್ಟಿ ಓದಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಬಂದರು ತಪ್ಪಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ನಸ್ಸೌನಲ್ಲಿ ಅಮೆರಿಕನ್ ಡಾಲರ್ ಅಲ್ಲಿನ ಡಾಲರ್‌ಗೆ ಸಮನಾಗಿ ನಡೆಯುತ್ತದೆ, ಬೇರೆ ಹಣ ಬದಲಿಸಬೇಕಿಲ್ಲ. ಮೆಟ್ಟಿಲಿನ ಕಡೆ ಬಿಸಿಲೇರುವ ಮುಂಚೆ, ಒಂಬತ್ತರೊಳಗೆ ಹೋಗಿ. ಹಡಗು ಬಿಡುವ ಹೊತ್ತಿಗೆ ಒಂದು ತಾಸು ಮೊದಲೇ ದಕ್ಕೆಗೆ ಬಂದುಬಿಡಿ. ಕಂಪನಿಯ ಸ್ವಂತ ಸುತ್ತಾಟದಲ್ಲಿ ತಡವಾದವರಿಗೆ ಹಡಗು ಕಾಯುತ್ತದೆ, ತಾವಾಗಿ ಸುತ್ತಲು ಹೋದವರಿಗೆ ಕಾಯುವುದಿಲ್ಲ.